ದೇವರನ್ನು ಕರೆಯದೆ ಬೀಳ್ಕೊಡುವುದು

ನಮ್ಮ ಯಹೂದಿ ಕೂಟದ ಗುರುವಾದ ರಬ್ಬಿ ಆ ಮಾತು ಕೇಳಿದಾಗ ನಾನು ಬಾಡಿಗೆ ಸಭಾಂಗಣದ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಹೊರಗೆ ಕುರ್ಚಿ ಮಡಚಿಡುವ ಸದ್ದು ಕೇಳುತ್ತಿತ್ತು. ನನ್ನ ಮಗಳ ಬಾತ್ ಮಿಟ್ಜ್ವಾ ಆಗತಾನೇ ಮುಗಿದಿತ್ತು.

ಯಹೂದಿ ಮಕ್ಕಳು ಹನ್ನೆರಡು ಹದಿಮೂರರ ಹೊತ್ತಿಗೆ ದೊಡ್ಡವರ ಸಾಲಿಗೆ ಸೇರುವ ಸಮಾರಂಭ ಅದು. ಬೇರೆ ಕಡೆ ಆ ದಿನ ಮಕ್ಕಳು ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ನಿಂತು ಹೀಬ್ರೂ ಧರ್ಮಗ್ರಂಥ ಓದುತ್ತಾರೆ. ನಮ್ಮ ಕೂಟ ಬೇರೆ ಥರದ್ದು. ಸೆಕ್ಯುಲರ್ ಹ್ಯೂಮನಿಸ್ಟಿಕ್ ಜುಡಾಯಿಸಂ ಅನ್ನುತ್ತಾರೆ. ಯಹೂದಿಗಳ ಹಬ್ಬ, ಹಾಡು, ಭಾಷೆ, ಇತಿಹಾಸ, ಊಟ ಎಲ್ಲವನ್ನೂ ಪ್ರೀತಿಯಿಂದ ಇಟ್ಟುಕೊಂಡು ದೇವರನ್ನು ಮಾತ್ರ ಕೈಬಿಟ್ಟ ಜನ. ಶುಕ್ರವಾರ ಸಂಜೆ ದೀಪ ಹಚ್ಚುತ್ತಾರೆ, ಆದರೆ ಯಾರನ್ನೂ ಏನನ್ನೂ ಬೇಡುವುದಿಲ್ಲ. ಇಲ್ಲಿ ಮಕ್ಕಳು ತಮಗೆ ಮುಖ್ಯ ಅನಿಸಿದ ಒಂದು ವಿಷಯವನ್ನು ವರ್ಷವಿಡೀ ಓದಿ, ವಿಚಾರಿಸಿ, ಎಲ್ಲರೆದುರು ಮಾತಾಡಬೇಕು.

ನನ್ನ ಮಗಳು ತನ್ನ ಇಬ್ಬರು ಅಜ್ಜಂದಿರ ಬಗ್ಗೆ ಮಾತಾಡಿದಳು. ಒಬ್ಬರು ನನ್ನ ಗಂಡನ ಅಪ್ಪ, ಟೊರಾಂಟೋದ ಬಟ್ಟೆ ಕಾರ್ಖಾನೆಯಲ್ಲಿ ಕೋಟು ಕತ್ತರಿಸುತ್ತಿದ್ದವರು. ದೊಡ್ಡ ಹಬ್ಬದ ದಿನ ಹೆಂಡತಿಯ ಅಮ್ಮನನ್ನು ಸಿನಗಾಗಿನ ಬಾಗಿಲಿಗೆ ಬಿಟ್ಟು, ತಾವು ಕಾರಿನಲ್ಲಿ ಪೇಪರು ಓದುತ್ತ ಕೂರುತ್ತಿದ್ದರಂತೆ. ಇನ್ನೊಬ್ಬರು ಧಾರವಾಡದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನನ್ನ ಅಪ್ಪ. ನಾವೆಲ್ಲ ಗುಡಿಯೊಳಗೆ ಹೋದರೆ "ನೀವು ಹೋಗಿ ಬರ್ರಿ, ನಾ ಚಪ್ಪಲಿ ಕಾಯ್ತೀನಿ" ಎಂದು ಹೊರಗೇ ನಿಲ್ಲುತ್ತಿದ್ದವರು. "ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ನೋಡಿದ್ದರೆ ಹೊರಗೆ ನಿಂತು ಮಾತಾಡಲು ಇಬ್ಬರಿಗೂ ಒಂದು ಜೊತೆ ಸಿಗುತ್ತಿತ್ತು" ಎಂದು ಮಗಳು ಮುಗಿಸಿದಳು. ಮಾತೆಲ್ಲ ಇಂಗ್ಲಿಷಿನಲ್ಲೇ ಇತ್ತು, ಚಪ್ಪಲಿ ಎಂಬ ಒಂದು ಶಬ್ದ ಬಿಟ್ಟು. ಮುಂದಿನ ಸಾಲಿನಲ್ಲಿ ನನ್ನ ಅತ್ತೆ ಕನ್ನಡಕ ತೆಗೆದು ಸ್ಕಾರ್ಫಿನಿಂದ ಒರೆಸುತ್ತ ಕೂತಿದ್ದರು.

ರಬ್ಬಿ ಎಪ್ಪತ್ತರ ಹತ್ತಿರದ ಹೆಂಗಸು. ಗಂಟಲು ದೊಡ್ಡದು. ಬಲ ಭುಜ ಸೆಟೆದುಕೊಂಡು ಕೈ ಎತ್ತಲಾಗದೆ ಒದ್ದಾಡುತ್ತಿದ್ದಾಗ ನಾನೇ ವ್ಯಾಯಾಮ ಮಾಡಿಸಿದ್ದೆ. ಬ್ರ್ಯಾಂಪ್ಟನ್ನಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ. ಟ್ರಕ್ ಓಡಿಸಿ ಸೊಂಟ ಹಿಡಿದವರು, ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿ ಭುಜ ಕೆಡಿಸಿಕೊಂಡವರು, ಹೆಚ್ಚಾಗಿ ಅವರೇ.

"ಮುಂದಿನ ತಂಡಕ್ಕೆ ನಿನ್ನ ಹೆಸರು ಕೊಡಲೇ?" ಎಂದರು ರಬ್ಬಿ.

"ಯಾವ ತಂಡ?"

"ಮದ್ರಿಖಾ ತರಬೇತಿಯದು."

ಹೀಬ್ರೂ ಭಾಷೆಯಲ್ಲಿ ಮದ್ರಿಖಾ ಎಂದರೆ ದಾರಿ ತೋರಿಸುವವಳು. ರಬ್ಬಿ ಆಗಬೇಕಾದರೆ ಹಲವು ವರ್ಷ ಅದನ್ನೇ ಓದಬೇಕು. ಮದ್ರಿಖಾ ಹಾಗಲ್ಲ, ಕೂಟದ ಒಬ್ಬ ಸಾಮಾನ್ಯ ಸದಸ್ಯೆ. ಕೆಲಸ, ಸಂಸಾರ ನಡೆಸಿಕೊಂಡೇ ಕಲಿತು, ಹಬ್ಬ ನಡೆಸುತ್ತಾಳೆ, ಮಗುವಿಗೆ ಹೆಸರಿಡುತ್ತಾಳೆ, ಮದುವೆ ಮಾಡಿಸುತ್ತಾಳೆ, ಸತ್ತವರನ್ನು ಕಳಿಸಿಕೊಡುತ್ತಾಳೆ.

"ನಾನು ಹುಟ್ಟಾ ಯಹೂದಿ ಅಲ್ಲವಲ್ಲ" ಎಂದೆ.

"ಅದನ್ನು ಇಲ್ಲಿ ಯಾರು ಕೇಳಿದರು? ಇಷ್ಟು ವರ್ಷ ನಮ್ಮ ಜೊತೆ ಹಬ್ಬ ಮಾಡಿದ್ದೀಯ. ನಮ್ಮವರು ಸತ್ತಾಗ ಅತ್ತಿದ್ದೀಯ. ನಮ್ಮಲ್ಲಿ ಸೇರುವುದು ಅಂದರೆ ಅಷ್ಟೇ."

"ನನಗೆ ಹೀಬ್ರೂ ಬರಲ್ಲ."

"ಹೊರಗೆ ಕುರ್ಚಿ ಎತ್ತಿಡುತ್ತಿರುವ ಅರ್ಧ ಜನಕ್ಕೂ ಬರಲ್ಲ" ಎಂದು ಒಂದು ತಟ್ಟೆ ತೆಗೆದುಕೊಂಡು ಅವರೂ ಒರೆಸಲು ನಿಂತರು.

ನಾನು ಆಗ ಹೂಂ ಅನ್ನಲಿಲ್ಲ. ಮನೆಗೆ ವಾಪಸ್ಸು ಬರುವಾಗ ಗಂಡ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಮಗಳು ಬಂದ ಉಡುಗೊರೆಗಳ ನಡುವೆ ನಿದ್ದೆ ಹೋಗಿದ್ದಳು. ನಾನು ಅಪ್ಪನನ್ನು ನೆನೆಯುತ್ತ ಕೂತಿದ್ದೆ.

ಅಪ್ಪ ತೀರಿಕೊಂಡದ್ದು ಅದರ ಹಿಂದಿನ ವರ್ಷ, 2015ರಲ್ಲಿ. ರಜೆಗೆಂದು ಹೋದ ನಾನು ಅಲ್ಲೇ ಇದ್ದೆ. ತಾನು ಹೋದ ಮೇಲೆ ಪೂಜೆ ಬೇಡ, ಸ್ವಾಮಿಗಳು ಬೇಡ, ದೇಹವನ್ನು ಮೆಡಿಕಲ್ ಕಾಲೇಜಿನ ಹುಡುಗರು ಓದಿಕೊಳ್ಳಲಿ ಎಂದು ಅಪ್ಪ ಬರೆದಿಟ್ಟಿದ್ದರು. ಹಾಗೇ ಮಾಡಿದೆವು. ಆ ಬೆಳಿಗ್ಗೆ ಪಡಸಾಲೆ ತುಂಬ ಜನ. ಹಳೆಯ ವಿದ್ಯಾರ್ಥಿಗಳು, ಬೀಗರು, ಓಣಿಯವರು. ಭಜನೆಯವರನ್ನು ಕರೆಯುವ ಹಾಗಿಲ್ಲ, ವಿಭೂತಿ ಹಚ್ಚುವ ಹಾಗಿಲ್ಲ. ಏನು ಮಾಡಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಏನು ಮಾಡಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಜನ ನೆಲ ನೋಡುತ್ತ ಕೂತರು. ಕಡೆಗೆ ಅವ್ವ ಅಪ್ಪನ ಕಾಲ ಬಳಿಯಿಂದ ತಲೆ ಎತ್ತಿ, "ಯಾರರ ಒಂದ ಮಾತರ ಆಡ್ರೀ" ಎಂದಳು. ಯಾರೂ ಆಡಲಿಲ್ಲ. ನನಗೂ ಬಾಯಿ ಬರಲಿಲ್ಲ. ಬಾಗಿಲಲ್ಲಿ ಕಾಯುತ್ತಿದ್ದ ವ್ಯಾನಿನ ಡ್ರೈವರ್ ಮೆಲ್ಲಗೆ, "ಹೊಂಡೂಣೇನ್ರೀ?" ಎಂದು ಕೇಳಿದ. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯನಿಗೆ ಸಿಕ್ಕ ಕೊನೆಯ ಮಾತು ಅದೊಂದೇ.

ಮರುದಿನ ರಬ್ಬಿಗೆ ಫೋನ್ ಮಾಡಿ ಸೇರುತ್ತೇನೆ ಎಂದೆ.

ಈ ಸುದ್ದಿ ಅತ್ತೆಗೆ ಅಷ್ಟೇನೂ ಇಷ್ಟವಾಗಲಿಲ್ಲ. ಅವರ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಈ ದೇಶದಲ್ಲಿ ಸೊಸೆ ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನನ್ನ ನಾಲಿಗೆ ಅದಕ್ಕೆ ಒಪ್ಪಲಿಲ್ಲ. ನಮ್ಮೂರ ರೂಢಿಯಂತೆ "ಅತ್ತಿ" ಎಂದೇ ಶುರು ಮಾಡಿದೆ. ಅವರಿಗೆ ಅದೇನು ಹಿಡಿಸಿತೋ, ತಮ್ಮ ಅಪಾರ್ಟ್‌ಮೆಂಟಿನ ಗೆಳತಿಯರಿಗೂ ಹೇಳಿಕೊಟ್ಟರು. ಬ್ಯಾಥರ್ಸ್ಟ್ ರಸ್ತೆಯ ಆ ಕಟ್ಟಡದ ಲಿಫ್ಟಿನಲ್ಲಿ ಪೋಲೆಂಡಿನ, ರಷ್ಯಾದ ಮುದುಕಿಯರು ಅವರನ್ನು "ಅತ್ತಿ" ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ. ಎಂಬತ್ತು ದಾಟಿದ್ದರು. ಗಂಡ ಕೋಟು ಕತ್ತರಿಸುತ್ತಿದ್ದ ಅದೇ ಕಾರ್ಖಾನೆಯಲ್ಲಿ ಇವರು ಹೊಲಿಯುತ್ತಿದ್ದರು. ಮನೆಮಾತು ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್.

"ಹದಿನಾರು ವರ್ಷಕ್ಕೆ ನಾನು ಸಿನಗಾಗ್ ಬಿಟ್ಟೆ. ಅಪ್ಪನ ಜೊತೆ ಜಗಳ ಮಾಡಿ ಬಿಟ್ಟೆ. ಈಗ ನನ್ನ ಸೊಸೆಯೇ ಪುರೋಹಿತಳಾಗಿ ಮನೆಗೆ ಬರುತ್ತಾಳಂತೆ" ಎಂದರು.

"ಪುರೋಹಿತಳಲ್ಲ ಅತ್ತಿ. ದೇವರ ಹೆಸರೇ ಇರಲ್ಲ."

"ದೇವರು ಇರಲ್ಲ, ಸರಿ. ಭಾಷಣ ಇರುತ್ತದೆ ತಾನೇ? ನನಗೆ ದೇವರಿಗಿಂತ ಭಾಷಣದ ಮೇಲೇ ಸಿಟ್ಟು."

ಹಾಗೆ ಹೇಳಿದವರೇ ನನ್ನ ಮೊದಲ ಮೇಷ್ಟ್ರಾದರು. ತರಬೇತಿ ಬಹುಪಾಲು ಕಂಪ್ಯೂಟರ್ ಮುಂದೆ ನಡೆಯುತ್ತಿತ್ತು. ಬೇರೆ ಬೇರೆ ಊರುಗಳಲ್ಲಿದ್ದ ನಾವು ಏಳೆಂಟು ಜನ ಸಂಜೆ ಒಟ್ಟಿಗೆ ಕೂತು ಓದುತ್ತಿದ್ದೆವು. ವರ್ಷಕ್ಕೆ ಒಂದೆರಡು ಸಲ ಗಡಿ ದಾಟಿ ಅಮೆರಿಕದ ಕಡೆ ವಾರಾಂತ್ಯದ ತರಗತಿಗೆ ಹೋಗುತ್ತಿದ್ದೆವು. ಧರ್ಮಗ್ರಂಥದಲ್ಲಿ ಇತಿಹಾಸ ಎಷ್ಟು, ಕಥೆ ಎಷ್ಟು ಎಂದು ಅಗೆದು ನೋಡುವ ಪಾಠ ನನಗೆ ಬಹಳ ಇಷ್ಟವಾಯಿತು. ಅಪ್ಪನ ಪಕ್ಕ ಕೂತು ಪುರಾಣದ ಬಗ್ಗೆ ವಾದ ಮಾಡಿದ್ದೆಲ್ಲ ನೆನಪಾಗುತ್ತಿತ್ತು. ಕಷ್ಟವಾದದ್ದು ಉಚ್ಚಾರ. ಮದ್ರಿಖಾ ಎಂಬುದರ ಕೊನೆಯ ಅಕ್ಷರ ನಮ್ಮ ‘ಖ’ ಅಲ್ಲ. ಗಂಟಲಿನ ಆಳದಿಂದ ಉಜ್ಜಿಕೊಂಡು ಬರಬೇಕು. ಆಗಲಿರುವ ಹುದ್ದೆಯ ಹೆಸರೇ ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ.

"ನಿನ್ನ ಕ್ಲಿನಿಕ್ಕಿನಲ್ಲಿ ಎದೆ ಕಟ್ಟಿದವರಿಗೆ ಕಫ ಹೊರಗೆ ತರುವುದು ಹೇಗೆ ಅಂತ ಹೇಳಿಕೊಡುತ್ತೀಯಲ್ಲ" ಎಂದರು ಅತ್ತಿ.

"ಹೌದು."

"ಹಾಗೆ ಮಾಡು."

ಬಾಯಿ ತೆರೆದು, ಗಂಟಲು ಸಡಿಲ ಬಿಟ್ಟು, ರೋಗಿಗಳಿಗೆ ತೋರಿಸುವ ಹಾಗೇ ಉಸಿರು ತಳ್ಳಿದೆ. ಸರಿಯಾಗಿ ಬಂತು. ಪಕ್ಕದ ಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಇಣುಕಿ, "ಅಮ್ಮಾ, ಆರ್ ಯು ಓಕೆ?" ಎಂದು ಕೇಳಿದಳು.

ಅಂತ್ಯಕ್ರಿಯೆಯ ಪಾಠ ಬಂದಾಗ ನನ್ನ ಅಭ್ಯಾಸವೆಲ್ಲ ಅತ್ತಿಯ ಅಡುಗೆಮನೆಯ ಮೇಜಿನ ಮೇಲೇ ನಡೆಯಿತು. ಶವಪೆಟ್ಟಿಗೆಯ ಬದಲು ಒಂದು ಉದ್ದನೆಯ ಬ್ರೆಡ್ಡು ಇಟ್ಟುಕೊಳ್ಳುತ್ತಿದ್ದೆವು. ನಾನು ನಿಂತು ಓದುತ್ತಿದ್ದೆ. ಅವರು ಕೈಕಟ್ಟಿ ಕೂತು ಕೇಳುತ್ತಿದ್ದರು. "ಬಹಳ ಬೇಗ ಓದುತ್ತೀಯ. ಮುಂದಿನ ಸ್ಟಾಪ್ ಯಾವುದು ಅಂತ ಬಸ್ಸಿನಲ್ಲಿ ಹೇಳಿದ ಹಾಗಿದೆ. ಮನೆಯವರು ಅಳುವುದಕ್ಕೆ ಸ್ವಲ್ಪ ಜಾಗ ಬಿಡು" ಎಂದರು ಒಮ್ಮೆ. ರಬ್ಬಿ ಒಂದಿಡೀ ತರಗತಿಯಲ್ಲಿ ಹೇಳಿದ್ದು ಅದನ್ನೇ. ಅಭ್ಯಾಸ ಮುಗಿದ ಮೇಲೆ ಆ ಬ್ರೆಡ್ಡನ್ನು ಕೊಯ್ದು, ಬೆಣ್ಣೆ ಹಚ್ಚಿ ತಿನ್ನುತ್ತಿದ್ದೆವು.

ಎರಡನೆಯ ವರ್ಷ ಒಂದು ಕೆಲಸ ಕೊಟ್ಟರು. ನಿಮಗೆ ಹತ್ತಿರದವರಾಗಿದ್ದ, ಈಗ ಇಲ್ಲದ ಒಬ್ಬರ ಬಗ್ಗೆ, ಅವರ ಅಂತ್ಯಕ್ರಿಯೆಯಲ್ಲಿ ಆಡಬಹುದಾಗಿದ್ದ ಮಾತುಗಳನ್ನು ಬರೆದು ತನ್ನಿ. ನಾನು ಅಪ್ಪನ ಬಗ್ಗೆ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯುವಷ್ಟರಲ್ಲಿ ಅದು ಯಾರೋ ಬೇರೆ ಮನುಷ್ಯನ ಕಥೆಯಂತೆ ಕಂಡಿತು. ಅಳಿಸಿ ಕನ್ನಡದಲ್ಲಿ ಬರೆದೆ. ಸೈಕಲ್ ಮೇಲೆ ಸ್ಕೂಲಿಗೆ ಹೋಗುವಾಗ ಪ್ಯಾಂಟಿಗೆ ಕ್ಲಿಪ್ಪು ಹಾಕುತ್ತಿದ್ದುದು. ಗ್ರಹಣದ ದಿನ ಓಣಿಯ ಮಕ್ಕಳನ್ನೆಲ್ಲ ಮಾಳಿಗೆಗೆ ಕರೆದು, ಎಲ್ಲರಿಗೂ ಕಾಣುವ ಹಾಗೆ ಅಂಬೊಡೆ ತಿಂದದ್ದು. ಅವ್ವ ದೇವರ ಕೋಣೆಯಲ್ಲಿ ದೀಪ ಹಚ್ಚಿ ಬರುವ ತನಕ ಊಟಕ್ಕೆ ಕೂರದೆ ಕಾದದ್ದು. ತಾನು ನಂಬದ ದೇವರಿಗಾಗಿ ಅಲ್ಲ, ಅವ್ವನಿಗಾಗಿ ಕಾದದ್ದು.

ಭಾನುವಾರ ಅವ್ವನಿಗೆ ಫೋನ್ ಮಾಡಿದಾಗ, "ಅಪ್ಪನ ಮ್ಯಾಲ ನಾಕ ಮಾತ ಬರದೀನಿ, ಕೇಳ್ತೀಯೇನು?" ಎಂದೆ.

"ಓದ" ಎಂದಳು.

ಓದಿದೆ. ಜಾಗ ಬಿಟ್ಟು ಬಿಟ್ಟು ಓದಿದೆ. ಆ ಕಡೆಯಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಅಂಬೊಡಿ ಅಲ್ಲ, ಅವತ್ತ ನಾ ಮಾಡಿದ್ದು ಮಿರ್ಚಿ ಭಜಿ" ಎಂದಳು ಅವ್ವ, ಓದಿ ಮುಗಿಸಿದ ಮೇಲೆ. "ಅದೊಂದ ತಿದ್ದಿ, ಇನ್ನೊಮ್ಮೆ ಓದ."

ಇನ್ನೊಮ್ಮೆ ಓದಿದೆ. ಮುಂದಿನ ವಾರ ತರಗತಿಯಲ್ಲಿ ಅದರ ಇಂಗ್ಲಿಷ್ ಒಪ್ಪಿಸಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ನನಗೆ ಅಷ್ಟು ಹೊತ್ತಿಗೆ ಯಾರ ಮೆಚ್ಚುಗೆಯೂ ಬೇಕಿರಲಿಲ್ಲ.

ತರಬೇತಿಯ ಕೊನೆಯ ವರ್ಷ ರಬ್ಬಿಯ ಕಣ್ಗಾವಲಿನಲ್ಲಿ ನಿಜವಾದ ಸಮಾರಂಭಗಳನ್ನು ನಡೆಸಬೇಕಿತ್ತು. ಮೊದಲನೆಯದು ಕ್ಲೈನ್‌ಬರ್ಗಿನಲ್ಲಿ ಒಂದು ನಾಮಕರಣ. ತಂದೆ ಯಹೂದಿ, ತಾಯಿ ಪಂಜಾಬಿ, ಮಗು ಇಬ್ಬರದೂ ಅಲ್ಲದ ಕೆಂಪು ಕೂದಲಿನದು. ನಾನು ಮಾತು ಶುರು ಮಾಡಿದ ಕೂಡಲೇ ಮಗು ಅಳಲು ಶುರು ಮಾಡಿ, ಮುಗಿಸಿದ ಕೂಡಲೇ ನಿಲ್ಲಿಸಿತು. ಪಂಜಾಬಿ ಅಜ್ಜಿ ನನ್ನ ಕೈಗೆ ಲಡ್ಡು ಇಟ್ಟು, "ಬೇಟಿ, ಬಹುತ್ ಅಚ್ಛಾ ಬೋಲಾ" ಎಂದರು. ಅವರಿಗೆ ಒಂದಕ್ಷರವೂ ಕೇಳಿಸಿರಲಿಕ್ಕಿಲ್ಲ.

ಎರಡನೆಯದು ಪಿಯಾನೋ ಶ್ರುತಿ ಮಾಡುವವರೊಬ್ಬರ ಅಂತ್ಯಕ್ರಿಯೆ.

ಅವರನ್ನು ಕೂಟದಲ್ಲಿ ಎಲ್ಲರೂ ಬಲ್ಲರು. ಸಭಾಂಗಣದ ಹಳೆಯ ಪಿಯಾನೋವನ್ನು ಯಾರೂ ಕೇಳದೆ ತಾವೇ ಸರಿ ಮಾಡಿಡುತ್ತಿದ್ದರು. ತೆಳ್ಳಗೆ, ಎತ್ತರ, ಮಾತು ಕಡಿಮೆ. ನಾನು ಧಾರವಾಡದವಳು, ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಬೆಳಗಾದರೆ ತಂಬೂರಿ ಶ್ರುತಿ ಮಾಡುವುದು ಕೇಳುತ್ತಿತ್ತು ಎಂದು ಒಮ್ಮೆ ಹೇಳಿದ್ದೆ. ಆಮೇಲೆ ಸಿಕ್ಕಾಗಲೆಲ್ಲ ಅದರ ಬಗ್ಗೆಯೇ ಕೇಳುತ್ತಿದ್ದರು. ತಂತಿಯ ಕೆಳಗೆ ದಾರ ಇಡುತ್ತಾರಂತಲ್ಲ, ಯಾವ ದಾರ, ಎಷ್ಟು ಸರಿಸುತ್ತಾರೆ. ನನಗೆ ಗೊತ್ತಿಲ್ಲದ್ದನ್ನು ಊರಿಗೆ ಫೋನ್ ಮಾಡಿ ಕೇಳಿ ಹೇಳುತ್ತಿದ್ದೆ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಒಂದು ದಿನ ಪಿಯಾನೋದ ಮುಚ್ಚಳ ಹಾಕುತ್ತ ನನಗೆ ಹೇಳಿದರು: "ನನ್ನ ಸಮಾಧಿಯ ಹತ್ತಿರ ದೇವರು ಬೇಡ. ಅವನಿಲ್ಲದೆ ಬದುಕಿದ್ದೇನೆ, ಆಮೇಲೂ ನಡೆಯುತ್ತದೆ. ಚಿಕ್ಕದಾಗಿ ಮುಗಿಸಿ."

ಅವರು ಹೋದದ್ದು ಚಳಿಗಾಲದ ಶುರುವಿನಲ್ಲಿ. ರಬ್ಬಿ ಆಗ ದೂರದ ಊರಿಗೆ ಮಗಳ ಬಾಣಂತನಕ್ಕೆ ಹೋಗಿದ್ದರು. "ನೀನೇ ಮಾಡು. ಫೋನಿನಲ್ಲಿ ನಾನಿದ್ದೇನೆ" ಎಂದರು.

ಅಂತ್ಯಕ್ರಿಯೆಯ ಹಿಂದಿನ ದಿನ ಮನೆಯವರನ್ನು ಕಾಣಲು ಹೋದೆ. ಮನೆಯವರು ಅಂದರೆ ಒಬ್ಬನೇ ಮಗ. ಬಾಗಿಲು ತೆಗೆದವನು ಅವನೇ. ಉದ್ದ ಗಡ್ಡ, ಕಪ್ಪು ಕೋಟು, ತಲೆಯ ಮೇಲೆ ಕಪ್ಪು ಟೋಪಿ. ಇಪ್ಪತ್ತರ ವಯಸ್ಸಿನಲ್ಲಿ ಅವನು ಕಟ್ಟಾ ಸಂಪ್ರದಾಯಕ್ಕೆ ಹೋಗಿದ್ದನೆಂದು ಕೇಳಿದ್ದೆ, ನೋಡಿರಲಿಲ್ಲ. ಅವರಲ್ಲಿ ಗಂಡಸರು ಪರಸ್ತ್ರೀಯ ಕೈ ಕುಲುಕುವುದಿಲ್ಲ. ಅವನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. ನಾನು ಅಭ್ಯಾಸಬಲದಿಂದ ಕೈಜೋಡಿಸಿ ನಮಸ್ಕಾರ ಮಾಡಿದೆ. ಅವನ ಮುಖ ಸಡಿಲಾಯಿತು. ಅವನೂ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.

"ಅಪ್ಪನ ಮನೆಯಲ್ಲಿ ನಾನು ಇಷ್ಟು ವರ್ಷ ಊಟ ಮಾಡಿಲ್ಲ" ಎಂದ ಕೂತ ಮೇಲೆ. "ಅಡುಗೆ ನಮ್ಮ ನಿಯಮಕ್ಕೆ ಆಗುತ್ತಿರಲಿಲ್ಲ. ನಾನು ಬರುವಾಗ ಅವರು ಅಂಗಡಿಯಿಂದ ಸೀಲ್ ಮಾಡಿದ ಬಿಸ್ಕತ್ತು ತಂದಿಡುತ್ತಿದ್ದರು. ಯಾವತ್ತೂ ಒಂದು ಮಾತು ಅಂದವರಲ್ಲ."

"ನಾಳೆ ನೀವು ಏನಾದರೂ ಹೇಳಬೇಕು ಅಂತಿದ್ದರೆ…"

"ನಾನು ಕಡ್ಡಿಶ್ ಹೇಳಬೇಕು."

ಕಡ್ಡಿಶ್ ಅಂದರೆ ಸತ್ತ ತಂದೆ ತಾಯಿಗೆ ಮಗ ಹೇಳುವ ಪ್ರಾರ್ಥನೆ. ಅದರಲ್ಲಿ ಸಾವಿನ ಮಾತಿಲ್ಲ, ಇರುವುದೆಲ್ಲ ದೇವರ ಸ್ತುತಿಯೇ. ಅವರ ಸಂಪ್ರದಾಯದಲ್ಲಿ ಹತ್ತು ಯಹೂದಿ ಗಂಡಸರು ನೆರೆಯದೆ ಅದನ್ನು ಹೇಳುವ ಹಾಗಿಲ್ಲ.

"ಅವರು ಏನು ಕೇಳಿಕೊಂಡಿದ್ದಾರೆ ಅಂತ ನಿಮಗೆ ಗೊತ್ತಲ್ಲ" ಎಂದೆ.

"ಗೊತ್ತು. ನಾನು ಜಗಳಕ್ಕೆ ಬಂದಿಲ್ಲ. ಅವರು ಹೇಳಿದ ಹಾಗೇ ನೀವು ಪೂರ್ತಿ ಮುಗಿಸಿ. ಮುಗಿದ ಮೇಲೆ ನಾನು ನಮ್ಮ ಜನರ ಜೊತೆ ನಿಂತು ಹೇಳಿಕೊಳ್ಳುತ್ತೇನೆ. ಅಪ್ಪನಿಗೆ ಬೇಕಿಲ್ಲದಿರಬಹುದು. ನನಗೆ ಬೇಕು."

ನಾನು ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಕಾರಿನಲ್ಲಿ ಕೂತು ರಬ್ಬಿಗೆ ಫೋನ್ ಮಾಡಿದರೆ ಅವರು ಎತ್ತಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಅವನಿಗೇ ಫೋನ್ ಮಾಡಿದೆ. "ನಾನು ಮುಗಿಯಿತು ಅಂತ ಹೇಳಿದ ಮೇಲೆ ಜಾಗ ನಿಮ್ಮದು" ಎಂದೆ.

ಮರುದಿನ ಮಳೆ ಬಿದ್ದ ಹಾಗೇ ಹೆಪ್ಪುಗಟ್ಟುತ್ತಿತ್ತು. ರಸ್ತೆಯೆಲ್ಲ ಗಾಜು. ಸ್ಮಶಾನದಲ್ಲಿ ನಾವು ಇಪ್ಪತ್ತು ಜನರೂ ಇರಲಿಲ್ಲ. ಅತ್ತಿಯನ್ನು ಬರಬೇಡಿ ಎಂದರೂ ವಾಕರ್ ಹಿಡಿದು ಬಂದಿದ್ದರು. ಬಣ್ಣವಿಲ್ಲದ ಮರದ ಸಾದಾ ಪೆಟ್ಟಿಗೆ, ಪಕ್ಕದಲ್ಲಿ ಮಣ್ಣಿನ ರಾಶಿ. ಪ್ಲಾಸ್ಟಿಕ್ ಕವರಿನೊಳಗಿನ ಹಾಳೆ ನೋಡಿ ಓದತೊಡಗಿದೆ. ಊರೂರಿನ ಸ್ಕೂಲು, ಮನೆ, ಚರ್ಚುಗಳಲ್ಲಿ ತಂತಿ ಬಿಗಿಯುತ್ತ ಕಳೆದ ಬದುಕು ಅವರದು. ಪಿಯಾನೋ ಮುಂದೆ ಬೇರೆಯವರು ಕೂತು ಚಪ್ಪಾಳೆ ಗಿಟ್ಟಿಸುವಾಗ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ಮನುಷ್ಯ. ತಂಬೂರಿಯ ದಾರದ ಮಾತನ್ನೂ ಹೇಳಿದೆ. ಮಗ ಬರುವ ದಿನ ತಂದಿಡುತ್ತಿದ್ದ ಸೀಲ್ ಮಾಡಿದ ಬಿಸ್ಕತ್ತಿನ ಮಾತನ್ನೂ, ಹಿಂದಿನ ಸಂಜೆ ಮಗನನ್ನೇ ಕೇಳಿ, ಸೇರಿಸಿದ್ದೆ. ಅಲ್ಲಿ ಸ್ವಲ್ಪ ನಿಲ್ಲಿಸಿದೆ. ಮಗ ಮುಖ ತಿರುಗಿಸಿಕೊಂಡು ನಿಂತಿದ್ದ. ಪೆಟ್ಟಿಗೆ ಇಳಿಸಿದರು. ಒಬ್ಬೊಬ್ಬರಾಗಿ ಸಲಿಕೆ ಹಿಡಿದು ಮಣ್ಣು ಹಾಕಿದೆವು. ಮೊದಲ ಸಲ ಸಲಿಕೆಯ ಬೆನ್ನಿನಿಂದ ಹಾಕುವುದು ಪದ್ಧತಿ. ಇದು ಮನಸ್ಸಿಲ್ಲದ ಕೆಲಸ ಎಂದು ತೋರಿಸಲಿಕ್ಕೆ.

"ಅವರು ಬಯಸಿದ ಕಾರ್ಯ ಇಲ್ಲಿಗೆ ಮುಗಿಯಿತು" ಎಂದೆ.

ಮಗ ರಸ್ತೆಯ ಕಡೆ ನೋಡುತ್ತಿದ್ದ. ಅವನ ಸಿನಗಾಗಿನವರು ಒಂದು ವ್ಯಾನಿನಲ್ಲಿ ಹೊರಟಿದ್ದರು, ಹೈವೇಯಲ್ಲಿ ಅಪಘಾತವಾಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮೊದಲೇ ಬಂದವರೆಂದರೆ ಅವನೂ ಸೇರಿ ಆರು ಜನ. ಸ್ಮಶಾನದ ಕೆಲಸಗಾರರು ಇನ್ನು ಕಾಯಲಾಗದು ಎಂದರು.

ನಾನು ಸತ್ತವರ ಗೆಳೆಯರ ಕಡೆ ತಿರುಗಿದೆ. ಐದು ಜನ ಮುದುಕರು, ಎಲ್ಲರೂ ನಮ್ಮ ಕೂಟದ ಹುಟ್ಟಾ ಯಹೂದಿಗಳು, ಎಲ್ಲರೂ ನಾಸ್ತಿಕರು. "ಇವರ ಮಗ ತಮ್ಮ ರೀತಿಯಲ್ಲಿ ಒಂದು ಮಾತು ಹೇಳಬೇಕಂತಿದ್ದಾರೆ. ಅದಕ್ಕೆ ಹತ್ತು ಜನ ಬೇಕು. ಯಾರಿಗೂ ಬಲವಂತ ಇಲ್ಲ. ಇರಬೇಕು ಅನಿಸಿದವರು ಇರಿ, ಹೋಗಬೇಕು ಅನಿಸಿದವರು ಹೋಗಿ" ಎಂದೆ.

ಒಬ್ಬರು ಮಗನ ಪಕ್ಕಕ್ಕೆ ಹೋಗಿ ನಿಂತರು. ಇನ್ನೊಬ್ಬರು ಹೋದರು. ಮತ್ತೊಬ್ಬರು. ನಾಲ್ಕನೆಯವರು ಆಗಲೇ ಕಾರಿನ ಕಡೆ ಹೊರಟು ಬಿಟ್ಟಿದ್ದರು, ಅವರ ಹಕ್ಕು ಅದು. ಉಳಿದವರು ಒಬ್ಬರು. ಕಾರ್ಮಿಕ ಸಂಘದ ಹಳೆಯ ಮುಂದಾಳು, ಯಾರಾದರೂ ಪ್ರಾರ್ಥನೆ ಶುರು ಮಾಡಿದರೆ ಎದ್ದು ಹೊರಗೆ ಹೋಗುವವರು. ಸಂಪ್ರದಾಯದಲ್ಲಿ ಗಂಡಸರು ತಲೆ ಮುಚ್ಚದೆ ಪ್ರಾರ್ಥನೆಗೆ ನಿಲ್ಲುವ ಹಾಗಿಲ್ಲ. ಇವರ ಬರಿಯ ಬೋಳು ತಲೆಯ ಮೇಲೆ ಮಳೆ ಬೀಳುತ್ತಿತ್ತು. ಮಗ ಅವರನ್ನು ನೋಡಿದ, ಕೇಳಲಿಲ್ಲ.

ಮುದುಕ ಕೋಟಿನ ಜೇಬಿನಿಂದ ಒಂದು ಉಣ್ಣೆಯ ಟೋಪಿ ತೆಗೆದು ನಿಧಾನವಾಗಿ ತಲೆಗೆ ಎಳೆದುಕೊಂಡರು.

"ಇದು ಚಳಿಗೆ ಹಾಕಿಕೊಂಡದ್ದು" ಎಂದು ಮಗನಿಗೆ ಹೇಳಿದರು. "ತಿಳಿಯಿತಾ?"

"ತಿಳಿಯಿತು" ಎಂದ ಮಗ.

ಅವರು ಹೋಗಿ ಹತ್ತನೆಯವರಾಗಿ ನಿಂತರು. ಮಗ ಶುರು ಮಾಡಿದ. ಅವನ ದನಿ ಒಂದೆರಡು ಕಡೆ ಒಡೆಯಿತು. ನಡುವೆ ಉಳಿದವರು ಕೂಡಿ ಹೇಳಬೇಕಾದ ಒಂದು ಸಾಲು ಬರುತ್ತದೆ. ಆ ಸಾಲು ಬಂದಾಗ ಎಲ್ಲರಿಗಿಂತ ಗಟ್ಟಿಯಾಗಿ, ಒಂದು ಅಕ್ಷರ ತಪ್ಪದೆ ಹೇಳಿದವರು ಆ ಟೋಪಿಯ ಮುದುಕ. ಹುಡುಗನಾಗಿದ್ದಾಗ ಕಲಿತದ್ದು ಬಾಯಿಂದ ತಾನೇ ಬಂದುಬಿಟ್ಟಿತ್ತು. ಅವರ ಮುಖ ನೋಡಿದರೆ ಅವರಿಗೇ ಆಶ್ಚರ್ಯವಾದ ಹಾಗಿತ್ತು.

ನಾನು ಅತ್ತಿಯ ತೋಳು ಹಿಡಿದು ಸ್ವಲ್ಪ ದೂರ ನಿಂತಿದ್ದೆ.

"ನಮ್ಮನ್ನು ಅವರು ಎಣಿಸಲಿಲ್ಲ, ನೋಡು" ಎಂದು ಅತ್ತಿ ಪಿಸುಗುಟ್ಟಿದರು.

"ಹೂಂ."

"ಬೇಜಾರಾಯಿತಾ?"

ಆಗಿತ್ತು. ಅದುವರೆಗೆ ನಡೆಸಿಕೊಟ್ಟವಳು ನಾನು, ಈಗ ಲೆಕ್ಕಕ್ಕೇ ಇಲ್ಲದವಳು. ಆದರೆ ಆ ಹತ್ತು ಜನರ ಬೆನ್ನುಗಳನ್ನು ನೋಡುತ್ತ, ಅವರ ನಡುವೆ ಆ ಮಗನ ಕಪ್ಪು ಟೋಪಿ ಅಲುಗುವುದನ್ನು ನೋಡುತ್ತ, ಬೇಜಾರನ್ನು ಹೇಳಬೇಕು ಅನಿಸಲಿಲ್ಲ.

"ಸ್ವಲ್ಪ" ಎಂದೆ.

"ಎಣಿಕೆಗೆ ಸೇರಿದವರು ಕೊನೆತನಕ ನಿಲ್ಲಬೇಕು. ನನ್ನ ಕಾಲು ಮರಗಟ್ಟಿದೆ, ನಡಿ ಕಾರಿಗೆ" ಎಂದರು. ಹಾಗೆ ಹೇಳಿದವರು ಕದಲಲಿಲ್ಲ. ಮುಗಿಯುವ ತನಕ ಅಲ್ಲೇ ನಿಂತರು.

ಇದೆಲ್ಲ ಎಲ್ಲರಿಗೂ ಸರಿಕಂಡಿತು ಎಂದೇನಿಲ್ಲ. ಅಂದು ಬಂದಿದ್ದ ಒಬ್ಬ ಹಳೆಯ ಸದಸ್ಯೆ, ಸತ್ತವರ ಆಪ್ತ ಗೆಳತಿ, ಮುಂದಿನ ಕೂಟದಲ್ಲಿ ನನ್ನನ್ನು ಬದಿಗೆ ಕರೆದರು. "ಅವನು ನಿನ್ನನ್ನು ನಂಬಿ ಕೇಳಿಕೊಂಡಿದ್ದ. ಮಣ್ಣು ಇನ್ನೂ ಹಸಿ ಇರುವಾಗಲೇ ನೀನು ಬಾಗಿಲು ತೆಗೆದುಕೊಟ್ಟೆ" ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಅಳುತ್ತ ಹೇಳಿದರು. ಅವರ ಕೈ ಹಿಡಿದುಕೊಂಡು ನಿಂತೆ, ಅವರು ಬಿಡಿಸಿಕೊಳ್ಳಲಿಲ್ಲ.

ವಾಪಸ್ಸು ಬಂದ ರಬ್ಬಿಗೆ ಎಲ್ಲ ಹೇಳಿ, ನಾನು ಮಾಡಿದ್ದು ತಪ್ಪೇ ಎಂದು ಕೇಳಿದೆ.

"ಅವನ ಕಾರ್ಯವನ್ನು ಅವನು ಕೇಳಿದ ಹಾಗೇ ಮುಗಿಸಿದೆ. ಆಮೇಲಿನದು ಬದುಕಿರುವವರದು. ನಾನಾಗಿದ್ದರೆ ಎಲ್ಲರನ್ನೂ ಕಾರಿನ ತನಕ ಕಳಿಸಿ, ಆಮೇಲೆ ಮಗನಿಗೆ ಬಿಡುತ್ತಿದ್ದೆ" ಎಂದರು.

"ಹಾಗೆ ಮಾಡಿದ್ದರೆ ಅವನಿಗೆ ಹತ್ತು ಜನ ಸಿಗುತ್ತಿರಲಿಲ್ಲ."

"ಹೌದು. ಸಿಗುತ್ತಿರಲಿಲ್ಲ" ಎಂದು ಒಪ್ಪಿಕೊಂಡರು.

ಆ ಚಳಿಗಾಲ ಮುಗಿಯುವಷ್ಟರಲ್ಲಿ ನಾನು ಮದ್ರಿಖಾ ಆದೆ. ಸಮಾರಂಭ ಅದೇ ಬಾಡಿಗೆ ಸಭಾಂಗಣದಲ್ಲಿ ನಡೆಯಿತು. ರಬ್ಬಿ ನನ್ನ ಹೆಸರು ಕರೆದರು, ಮಗಳು ಹೂ ಕೊಟ್ಟಳು, ಗಂಡ ಕ್ಯಾಮೆರಾ ಹಿಡಿದು ಎಲ್ಲ ಫೋಟೋದಲ್ಲೂ ನನ್ನ ತಲೆ ಕತ್ತರಿಸಿದ. ಅವ್ವ ಫೋನಿನಲ್ಲಿ, "ಹಂಗಾದ್ರ ನೀ ಅಲ್ಲೆ ಸ್ವಾಮಿ ಆದಿ ಅನ್ನು" ಎಂದಳು. ದೇವರಿಲ್ಲದ ಸ್ವಾಮಿ ಎಂದೆ. "ಇರ್ಲಿ ಬಿಡು. ಹೊತ್ತಿಗೆ ಸರಿ ಉಣ್ಣು" ಎಂದಳು.

2019ರ ವಸಂತದಲ್ಲಿ ಒಂದು ಭಾನುವಾರ ಅತ್ತಿಯ ಮನೆಗೆ ಹೋಗಿದ್ದೆ. ಅಣಬೆ ಮತ್ತು ಬಾರ್ಲಿಯ ಸೂಪು ಮಾಡಿದ್ದರು. ನನಗೆ ಬಡಿಸಿ, ತಮಗೂ ಬಡಿಸಿಕೊಂಡು ಕೂತರು.

"ನನ್ನದನ್ನು ನೀನೇ ಮಾಡಬೇಕು" ಎಂದರು, ಉಪ್ಪು ಕೊಡು ಎಂದ ಹಾಗೆ.

"ಯಾವುದನ್ನು?"

"ಪಿಯಾನೋದವನಿಗೆ ಮಾಡಿದ್ದನ್ನು. ಈಗಲೇ ಅಲ್ಲ, ಮುಖ ಹಾಗೆ ಮಾಡಬೇಡ. ಒಳ್ಳೆಯವಳಿದ್ದೆ ಅಂತ ಮಾತ್ರ ಹೇಳಬೇಡ. ಸತ್ತವರೆಲ್ಲರಿಗೂ ಅದನ್ನೇ ಹೇಳುತ್ತಾರೆ."

"ಮತ್ತೇನು ಹೇಳಲಿ?"

"ಹೊಲಿಗೆ ನೇರ ಇತ್ತು ಅಂತ ಹೇಳು."

"ಜಗಳಗಂಟಿ ಅಂತ?"

ಅವರು ಯೋಚಿಸಿದರು. "ಅದನ್ನೂ ಹೇಳು. ಆದರೆ ಮೊದಲು ಹೊಲಿಗೆ."

"ಚಿಕ್ಕದಾಗಿ ಮುಗಿಸಲೇ?"

"ಯಾಕೆ ಚಿಕ್ಕದು? ಎಂಬತ್ತು ಚಿಲ್ಲರೆ ವರ್ಷ ಬದುಕಿದ್ದೇನೆ. ನಿಧಾನವಾಗಿ ಓದು. ನನ್ನ ತಂಗಿಗೆ ಮಾತ್ರ ಮಾತಾಡಲು ಬಿಡಬೇಡ, ಅವಳು ತನ್ನ ಬಗ್ಗೆಯೇ ಹೇಳುತ್ತಾಳೆ."

ಅದೊಂದು ಆಗುವುದಿಲ್ಲ, ತಂಗಿಯನ್ನು ತಡೆಯುವುದು ನನ್ನ ಕೆಲಸವಲ್ಲ ಎಂದೆ. ನಿನ್ನದೇ ಕೆಲಸ, ಮತ್ತೆ ಅಷ್ಟು ವರ್ಷ ಕಲಿತದ್ದು ಯಾಕೆ ಎಂದರು. ಎರಡು ನಿಮಿಷ ಕೊಡೋಣ ಎಂದೆ. ಒಂದೇ ನಿಮಿಷ ಎಂದರು. ಆ ಮಧ್ಯಾಹ್ನವಿಡೀ ಅದೇ ಚೌಕಾಸಿ ನಡೆಯಿತು.